ಆಫ್ರಿಕಾದ ಇತಿಹಾಸ ಬರೆದ ಮೇಷ್ಟ್ರುಗಳಿಗೆ ಬೀಳ್ಕೊಡುಗೆ: ಶಾಲು ಸಾಕಾ, ಇನ್ನೇನಾದರೂ ಬೇಕಾ?

ಕೃಷ್ಣಾತೀರ

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು.

ನನಗೆ ಪಿಎಚ್.ಡಿ. ಮಾರ್ಗದರ್ಶನ ಮಾಡಿದ ಮೇಷ್ಟ್ರು ಈ ವರ್ಷ ನಿವೃತ್ತರಾಗುತ್ತಿದ್ದಾರೆ. ಅವರ ವಿಷಯ ಆಫ್ರಿಕಾದ ಇತಿಹಾಸ. ದೆಹಲಿ ವಿಶ್ವವಿದ್ಯಾಲಯದಲ್ಲಿ 1955ರಲ್ಲೇ ಆಫ್ರಿಕಾ ಅಧ್ಯಯನ ವಿಭಾಗ ಶುರುವಾಗಿದ್ದರೂ ನಮ್ಮಲ್ಲಿ ಈ ವಿಷಯ ಹಿಡಿದವರು ಇವತ್ತಿಗೂ ಕಮ್ಮಿ. ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಚರ್ಚೆ ಜೋರಾಗಿದೆ. ಒಬ್ಬರು ಅಭಿನಂದನ ಗ್ರಂಥ ಅನ್ನುತ್ತಾರೆ, ಒಬ್ಬರು ವಿಚಾರ ಸಂಕಿರಣ, ಮತ್ತೊಬ್ಬರು ಅವರ ಹೆಸರಲ್ಲಿ ಚಿನ್ನದ ಪದಕ. ಕೈಯಲ್ಲಿರುವ ದುಡ್ಡು ಇವುಗಳಲ್ಲಿ ಒಂದಕ್ಕೆ ಸಾಲಬಹುದು.

ಈ ಕ್ಷೇತ್ರದ ಹಿರಿಯರು ನಿವೃತ್ತರಾದಾಗ ಶಿಷ್ಯರು ಏನು ಮಾಡಿದ್ದರು ಅಂತ ಹುಡುಕುತ್ತಾ ಕೂತೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಬೆಲ್ಜಿಯಂನ ಯಾನ್ ವಾನ್ಸಿನಾ, ನೈಜೀರಿಯಾದ ಅಡೆ ಅಜಾಯಿ, ಇಂಗ್ಲೆಂಡಿನ ಟೆರೆನ್ಸ್ ರೇಂಜರ್, ಕೀನ್ಯಾದ ಬೆತ್‌ವೆಲ್ ಒಗೋಟ್, ಈ ನಾಲ್ವರೂ ಹುಟ್ಟಿದ್ದು 1929ರಲ್ಲಿ! ಅಜಾಯಿ 2014ರಲ್ಲಿ ಹೋದರು, ರೇಂಜರ್ 2015ರಲ್ಲಿ, ವಾನ್ಸಿನಾ 2017ರಲ್ಲಿ. ಒಗೋಟ್ 2025ರ ಜನವರಿಯಲ್ಲಿ ತೀರಿಕೊಂಡರು.

ಇವರು ಕೆಲಸಕ್ಕಿಳಿದಾಗ ಇಂಥದ್ದೊಂದು ವಿಷಯ ಇದೆ ಅಂತ ಒಪ್ಪುವವರೇ ಕಮ್ಮಿ. ಲಂಡನ್ನಿನಲ್ಲಿ ಏಷ್ಯಾ, ಆಫ್ರಿಕಾ ಅಧ್ಯಯನಕ್ಕೆಂದೇ ಇರುವ ಸೋಆಸ್ ಸಂಸ್ಥೆ ರೋಲಂಡ್ ಆಲಿವರ್ ಎಂಬ ಇತಿಹಾಸಕಾರರಿಗೆ 1948ರಲ್ಲಿ ಕೆಲಸ ಕೊಟ್ಟಾಗ ಪೂರ್ವ ಆಫ್ರಿಕಾದ 'ಬುಡಕಟ್ಟು ಇತಿಹಾಸ' ಅಂತ ಹೆಸರಿಟ್ಟಿತ್ತು. ಆಲಿವರ್ ಮತ್ತು ಜಾನ್ ಫೇಜ್ ಸೇರಿ 1960ರಲ್ಲಿ ಆಫ್ರಿಕಾ ಇತಿಹಾಸಕ್ಕೇ ಒಂದು ಪತ್ರಿಕೆ ಶುರು ಮಾಡಿದರು. ಅದಾದ ಮೂರು ವರ್ಷಕ್ಕೆ ಆಕ್ಸ್‌ಫರ್ಡ್‌ನ ಪ್ರೊಫೆಸರ್ ಹ್ಯೂ ಟ್ರೆವರ್-ರೋಪರ್, ಆಫ್ರಿಕಾದಲ್ಲಿ ಸದ್ಯಕ್ಕೆ ಇರುವುದು ಯುರೋಪಿನವರ ಇತಿಹಾಸ ಮಾತ್ರ, ಮಿಕ್ಕಿದ್ದು ಕತ್ತಲೆ ಎಂಬರ್ಥದಲ್ಲಿ ಮಾತಾಡಿದರು. ಟಿವಿಯಲ್ಲೂ ಬಂತು. ಯುನೆಸ್ಕೋ 1964ರಲ್ಲಿ ಆಫ್ರಿಕಾದ ಸಮಗ್ರ ಇತಿಹಾಸದ ಯೋಜನೆ ಕೈಗೆತ್ತಿಕೊಂಡಿತು. 39 ಜನರ ಸಮಿತಿ, ಮೂರರಲ್ಲಿ ಎರಡು ಪಾಲು ಆಫ್ರಿಕಾದವರೇ. 1981ರಿಂದ 1993ರ ಹೊತ್ತಿಗೆ ಎಂಟು ಸಂಪುಟ ಬಂದವು.

ಇಂಥವರಿಗೆ ಯಾವ ಥರದ ಗೌರವ ನಿಜವಾಗಿ ಉಪಯೋಗಕ್ಕೆ ಬಂತು? ನಮ್ಮ ಮೇಷ್ಟ್ರಿಗೂ ಅದರಿಂದ ಏನಾದರೂ ದಾರಿ ಸಿಗುತ್ತಾ ನೋಡೋಣ.

ನಿವೃತ್ತ ಮೇಷ್ಟ್ರು

ನಾನೂ ಇತಿಹಾಸ ಪಾಠ ಮಾಡಿ ಮನೆಗೆ ಬಂದವನು. ಹಾಗಾಗಿ ಸ್ವಲ್ಪ ಬಾಯಿ ಹಾಕುತ್ತೇನೆ.

ಅಭಿನಂದನ ಗ್ರಂಥ ಬೇಡ ಅಂತಲೇ ನನ್ನ ಓಟು. ನಮ್ಮಲ್ಲಿ ಒಳ್ಳೆಯವು ಬಂದಿಲ್ಲ ಅಂತಲ್ಲ. ಬಿ.ಎಂ.ಶ್ರೀ. ಅವರಿಗೆ 1941ರಲ್ಲಿ ಅರ್ಪಿಸಿದ 'ಸಂಭಾವನೆ'ಯಿಂದ ಕನ್ನಡದಲ್ಲಿ ಈ ಪದ್ಧತಿ ಬೆಳೆಯಿತು. ಇತಿಹಾಸಕಾರ ಎಸ್. ಶ್ರೀಕಂಠಶಾಸ್ತ್ರಿಗಳಿಗೆ 1973ರಲ್ಲಿ ಕೊಟ್ಟ 'ಶ್ರೀಕಂಠಿಕಾ' ಇವತ್ತೂ ತೆಗೆದು ಓದುವಂಥದ್ದು. ಆದರೆ ಈಚಿನವು? ಮೊದಲು ಮಠಾಧೀಶರ ಆಶೀರ್ವಚನ, ಆಮೇಲೆ ಮಂತ್ರಿಗಳ ಶುಭಸಂದೇಶ. ಅದಾದ ಮೇಲೆ "ಗುರುಗಳು ನಮಗೆ ಕಾಫಿ ಕೊಡಿಸುತ್ತಿದ್ದರು" ಎಂಬ ಇಪ್ಪತ್ತು ಲೇಖನ. ಮಧ್ಯದಲ್ಲಿ ಹೊಳೆಯುವ ಕಾಗದದ ಮೇಲೆ ಮೊಮ್ಮಗನ ನಾಮಕರಣದ ಫೋಟೋ. ಕೊನೆಗೆ ಎಲ್ಲಿಯೂ ಅಚ್ಚಾಗದೆ ಉಳಿದಿದ್ದ ನಾಲ್ಕು ಸಂಶೋಧನಾ ಲೇಖನ. ಪುಸ್ತಕ ಎತ್ತಿದರೆ ಕೈ ನೋಯುತ್ತದೆ, ಓದಿದರೆ ಏನೂ ಆಗಲ್ಲ.

ಆ ದೇಶಗಳಲ್ಲಿ ಇದಕ್ಕಿಂತ ಬೇರೆಯೇನಾದರೂ ಇದೆಯಾ?

ಕೃಷ್ಣಾತೀರ

ಸಾರ್, ನಾಮಕರಣದ ಫೋಟೋ ಅಂತೂ ಇಲ್ಲ!

ವಾನ್ಸಿನಾ 1994ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ನಿವೃತ್ತರಾದರು. ಅದೇ ವರ್ಷ ರಾಬರ್ಟ್ ಹಾರ್ಮ್ಸ್, ಜೋಸೆಫ್ ಮಿಲ್ಲರ್ ಮೊದಲಾದವರು ಸೇರಿ 'ಪಾತ್ಸ್ ಟುವರ್ಡ್ ದ ಪಾಸ್ಟ್' ಅಂತ ಒಂದು ಸಂಪುಟ ತಂದರು. ಮೇಷ್ಟ್ರು ಮಧ್ಯ ಆಫ್ರಿಕಾದ ಮಳೆಕಾಡಿನ ಇತಿಹಾಸದ ಬಗ್ಗೆ 1990ರಲ್ಲಿ ಬರೆದ ಪುಸ್ತಕದ ಹೆಸರಿನಲ್ಲೂ 'ಪಾತ್ಸ್' ಇತ್ತು, ಅದರ ನೆನಪಿಗೆ ಇರಬೇಕು. ಒಳಗಿರುವುದು ಸಂಶೋಧನಾ ಲೇಖನಗಳು.

ಅಜಾಯಿಯವರು ನೈಜೀರಿಯಾದ ಇಬಾದಾನ್ ವಿಶ್ವವಿದ್ಯಾಲಯದಿಂದ 1989ರಲ್ಲಿ ನಿವೃತ್ತರಾದರು. ಅವರಿಗಾಗಿ ಟೊಯಿನ್ ಫಲೋಲಾ 1993ರಲ್ಲಿ ಒಂದು ಸಂಪುಟ ಸಂಪಾದಿಸಿದರು. ಆಫ್ರಿಕಾದ ಇತಿಹಾಸ ಬರವಣಿಗೆ ಹೇಗೆ ಬೆಳೆದುಬಂತು ಅನ್ನುವುದೇ ಅದರ ವಿಷಯ. ವಸಾಹತು ಆಳ್ವಿಕೆ ಆಫ್ರಿಕಾದ ಉದ್ದನೆಯ ಇತಿಹಾಸದಲ್ಲಿ ಒಂದು ಸಣ್ಣ ಪ್ರಸಂಗ ಅಷ್ಟೇ ಅಂತ ಅಜಾಯಿ ವಾದಿಸುತ್ತಿದ್ದರು. ಅಲ್ಲ, ಅದು ಎಲ್ಲವನ್ನೂ ಬುಡಮೇಲು ಮಾಡಿತು ಅನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನಿವೃತ್ತಿಯಾದ ಮೇಲೂ ಜನ ಜಗಳ ಆಡುವಂಥ ಒಂದು ಮಾತು ಹೇಳಿಹೋಗುವುದು ಸಣ್ಣದಲ್ಲ ಅನಿಸುತ್ತೆ ನನಗೆ.

ಸುಮ್ನೆ ಓದ್ತೀನಿ

ದಡ್ಡ ಪ್ರಶ್ನೆ ಅನ್ಕೋಬೇಡಿ. ಶಾಸನ ಇಲ್ಲ, ತಾಳೆಗರಿ ಇಲ್ಲ ಅಂದ್ರೆ ಇವರು ಇತಿಹಾಸ ಬರೆದದ್ದಾದರೂ ಹೇಗೆ?

ಜಾನಪದ ಜೋಳಿಗೆ

ಮೊದಲನೆಯದಾಗಿ, ಬರವಣಿಗೆ ಎಲ್ಲೂ ಇರಲೇ ಇಲ್ಲ ಅಂತಲ್ಲ. ಮಾಲಿ ದೇಶದ ಟಿಂಬಕ್ಟುವಿನ ಅರಬ್ಬಿ ಹಸ್ತಪ್ರತಿಗಳಿವೆ, ಇಥಿಯೋಪಿಯಾದ ಹಳೇ ಭಾಷೆ ಗೀಝ್‌ನ ಗ್ರಂಥಗಳಿವೆ. ಆದರೆ ಇಲ್ಲದ ಕಡೆ ಏನು ಮಾಡಬೇಕು ಅನ್ನುವುದಕ್ಕೆ ವಾನ್ಸಿನಾ ಒಂದು ಕ್ರಮವನ್ನೇ ಕಟ್ಟಿದರು.

ಅವರು ಓದಿದ್ದು ಯುರೋಪಿನ ಮಧ್ಯಯುಗದ ಇತಿಹಾಸ. 1950ರ ದಶಕದ ಮೊದಲಲ್ಲಿ ಕಾಂಗೋದ ಕೂಬಾ ಜನರ ನಡುವೆ ಹೋಗಿ ಕೂತರು. ಅಲ್ಲಿ ಒಬ್ಬರು, ನೀವು ಕಾಗದದಲ್ಲಿ ಇಡುವ ಸುದ್ದಿಯನ್ನು ನಾವು ತಲೆಯಲ್ಲಿ ಇಟ್ಟಿದ್ದೇವೆ ಎಂಬ ಅರ್ಥದ ಮಾತು ಹೇಳಿ, ಸಣ್ಣ ಸಣ್ಣ ಪದ್ಯಗಳನ್ನು ಪಟಪಟನೆ ಒಪ್ಪಿಸಿದರಂತೆ. ಇವು ತಾನು ಲ್ಯಾಟಿನ್‌ನಲ್ಲಿ ಓದಿದ್ದ ಶೋಕಗೀತೆಗಳ ಥರವೇ ಇವೆಯಲ್ಲ ಅಂತ ವಾನ್ಸಿನಾಗೆ ಹೊಳೆಯಿತು. ಹಾಗಿದ್ದರೆ ಹಳೇ ದಾಖಲೆಗೆ ಮಾಡುವ ಪರೀಕ್ಷೆಯನ್ನೇ ಇದಕ್ಕೂ ಮಾಡಬಹುದು. ಯಾರು ಹೇಳಿದರು, ಅವರು ಯಾರಿಂದ ಕೇಳಿದರು, ಹೇಳುವವರಿಗೆ ಇದರಿಂದ ಏನು ಲಾಭ, ಪಕ್ಕದ ಊರಿನಲ್ಲಿ ಇದೇ ಕತೆ ಹೇಗಿದೆ. ಪದಕ್ಕೆ ಪದ ಕಟ್ಟಿಟ್ಟ ಹಾಡು ಬೇರೆ, ಹೇಳುವಾಗ ಹಿಗ್ಗುವ ಕತೆ ಬೇರೆ ಅಂತ ವಿಂಗಡಿಸಬೇಕು. ಕೂಬಾ ರಾಜನೊಬ್ಬನ ಕಾಲದಲ್ಲಿ ಸೂರ್ಯಗ್ರಹಣ ಆಯಿತು ಅಂತ ಹೇಳಿಕೆ ಇತ್ತು. ಲೆಕ್ಕ ಹಾಕಿ ಅದನ್ನು 1680ರ ಗ್ರಹಣಕ್ಕೆ ಹೊಂದಿಸಿದರು. ಇದೆಲ್ಲ ಸೇರಿ 1961ರಲ್ಲಿ ಫ್ರೆಂಚ್‌ನಲ್ಲಿ ಪುಸ್ತಕವಾಯಿತು, 1965ರಲ್ಲಿ ಇಂಗ್ಲಿಷ್‌ಗೂ ಬಂತು.

ನಮ್ಮ ಹೆಳವರನ್ನು ನೆನೆಸಿಕೊಳ್ಳಿ. ಸುಗ್ಗಿ ಮುಗಿದ ಮೇಲೆ ಎತ್ತು ಹೊಡೆದುಕೊಂಡು ಬಂದು, ಒಕ್ಕಲು ಮನೆಯ ಜಗಲಿ ಮೇಲೆ ಕೂತು, ತಾತ ಮುತ್ತಾತಂದಿರ ಹೆಸರು ಹೇಳಿ, ಯಾವ ಊರು ಬಿಟ್ಟು ಎಲ್ಲಿಗೆ ಬಂದಿರಿ ಅಂತ ಒಪ್ಪಿಸಿ, ದವಸ ಪಡೆದು ಹೋಗುತ್ತಾರೆ. ವಾನ್ಸಿನಾ ನಮ್ಮ ಕಡೆ ಬಂದಿದ್ದರೆ ಮೊದಲು ಆ ಜಗಲಿಯನ್ನೇ ಹುಡುಕುತ್ತಿದ್ದರು. ಹಾಗೇ, ದವಸ ಕಮ್ಮಿ ಕೊಟ್ಟ ಮನೆಯ ವಂಶಾವಳಿ ಸ್ವಲ್ಪ ಮೊಟಕಾಗುತ್ತಾ ಅಂತಲೂ ಕೇಳುತ್ತಿದ್ದರು!

ಮಧ್ಯಾಹ್ನದ ಟೀ

ಜೋಳಿಗೆಯವರೇ, ಚೆನ್ನಾಗಿ ಹೇಳಿದಿರಿ. ಆದರೆ ಕತೆ ಅಲ್ಲಿಗೆ ಮುಗಿಯಲ್ಲ, ನನಗೆ ಇಷ್ಟವಾಗೋದು ಮುಂದಿನ ಭಾಗ.

ವಾನ್ಸಿನಾ ಪಾಠ ಮಾಡುತ್ತಿದ್ದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಇರುವುದು ಮ್ಯಾಡಿಸನ್ ಊರಿನಲ್ಲಿ. ಅಲ್ಲೇ, ಅದೇ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಆಫ್ರಿಕಾ ಪುಸ್ತಕಗಳನ್ನು ನೋಡಿಕೊಳ್ಳುತ್ತಿದ್ದವರು ಡೇವಿಡ್ ಹೆನಿಗೆ. 1974ರಲ್ಲಿ ಅವರು ಬಾಯಿಮಾತಿನ ಇತಿಹಾಸದಿಂದ ಕಾಲ ನಿರ್ಣಯ ಮಾಡುವುದು ಎಷ್ಟು ಕಷ್ಟ ಅಂತ ಒಂದು ಪುಸ್ತಕವನ್ನೇ ಬರೆದರು. ರಾಜರ ಪಟ್ಟಿ ಉದ್ದ ಇದ್ದಷ್ಟೂ ಗೌರವ ಜಾಸ್ತಿ, ಹಾಗಾಗಿ ಪಟ್ಟಿ ಹಿಗ್ಗುತ್ತದೆ. ಅಣ್ಣತಮ್ಮಂದಿರು ಒಬ್ಬರಾದ ಮೇಲೊಬ್ಬರು ಆಳಿದ್ದರೆ ಪಟ್ಟಿಯಲ್ಲಿ ಅವರು ಅಪ್ಪ-ಮಗ ಆಗಿಬಿಡುತ್ತಾರೆ. ಒಂದು ತಲೆಮಾರಿಗೆ ಇಷ್ಟು ವರ್ಷ ಅಂತ ಗುಣಿಸಿದರೆ ಇನ್ನೂರು ವರ್ಷ ಸುಮ್ಮನೆ ಹುಟ್ಟಿಕೊಳ್ಳುತ್ತದೆ. ಇನ್ನೊಂದು ಗಮ್ಮತ್ತು ಇದೆ. ಯಾವುದೋ ಪಾದ್ರಿ ಅಚ್ಚು ಮಾಡಿದ ಪುಸ್ತಕ ಊರಿಗೆ ಬಂದಿರುತ್ತದೆ. ಅದನ್ನು ಓದಿದವರು ಮುಂದಿನ ಸಂಶೋಧಕನಿಗೆ ಅದನ್ನೇ ಅಜ್ಜನ ಮಾತು ಅಂತ ಹೇಳುತ್ತಾರೆ. ಅವನು ಖುಷಿಯಿಂದ ಬರೆದುಕೊಂಡು ಹೋಗುತ್ತಾನೆ.

ವಾನ್ಸಿನಾ ಸುಮ್ಮನೆ ಕೂರಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ಹಳೇ ಪುಸ್ತಕಕ್ಕೆ ಮುನ್ನುಡಿ ಸೇರಿಸಿ ಮರುಮುದ್ರಣ ಮಾಡುವ ಬದಲು 1985ರಲ್ಲಿ ಹೊಸದನ್ನೇ ಬರೆದರು. ರೇಂಜರ್ ಕೂಡ ಹಾಗೇ. ಆಫ್ರಿಕಾದಲ್ಲಿ ಸಂಪ್ರದಾಯ ಅಂತ ನಾವು ಅನ್ನುವುದರಲ್ಲಿ ಎಷ್ಟೋ ಭಾಗ ವಸಾಹತು ಅಧಿಕಾರಿಗಳು ಕಟ್ಟಿದ್ದು ಅಂತ 1983ರಲ್ಲಿ ಬರೆದು ಹೆಸರಾದರು. ಹತ್ತು ವರ್ಷದ ಮೇಲೆ, ನಾನು ಅಲ್ಲಿನ ಜನರ ಪಾಲನ್ನು ಕಮ್ಮಿ ಮಾಡಿದ್ದೆ ಅಂತ ತಾವೇ ತಿದ್ದಿದರು. ಅಮೆರಿಕದ ಇತಿಹಾಸಕಾರ ಫಿಲಿಪ್ ಕರ್ಟಿನ್ 1969ರಲ್ಲಿ ಅಟ್ಲಾಂಟಿಕ್ ಗುಲಾಮ ವ್ಯಾಪಾರದ ಲೆಕ್ಕ ಹಾಕಿ ಅಮೆರಿಕ ಖಂಡಗಳಿಗೆ ಮುಟ್ಟಿದವರು ಸುಮಾರು 95 ಲಕ್ಷ ಅಂದರು. ನೈಜೀರಿಯಾದ ಜೋಸೆಫ್ ಇನಿಕೋರಿ ಇದು ಕಮ್ಮಿ ಅಂತ ತಕರಾರು ತೆಗೆದರು. ಆಮೇಲೆ ಹಡಗು ಹಡಗಿನ ದಾಖಲೆ ಕೂಡಿಸಿ ಮಾಡಿದ ಅಂದಾಜಿನಲ್ಲಿ ಹಡಗು ಹತ್ತಿಸಿದವರು 1.25 ಕೋಟಿ, ಜೀವಂತ ಇಳಿದವರು ಸುಮಾರು 1.07 ಕೋಟಿ.

ಕೃಷ್ಣಾತೀರ ಅವರೇ, ಸಂಕಿರಣ ಮಾಡುವುದಾದರೆ ನಿಮ್ಮ ಮೇಷ್ಟ್ರ ಪುಸ್ತಕವನ್ನು ತಕರಾರು ಮಾಡುವ ಒಬ್ಬರನ್ನಾದರೂ ಕರೆಸಿ. ಹೊಗಳುವವರು ಬಸ್‌ಚಾರ್ಜು ಇಲ್ಲದೇ ಬರುತ್ತಾರೆ.

ಇನ್ನೊಂದು ವಿಷಯ. ನೀವು ಕೊಟ್ಟ ಪಟ್ಟಿಯಲ್ಲಿ ಒಬ್ಬ ಹೆಂಗಸೂ ಇಲ್ಲ, ನೋಡಿದಿರಾ? ಇಬಾದಾನಿನ ಬೊಲಾನ್ಲೆ ಅವೆ ಅವರು ಯೊರುಬಾ ಜನರ 'ಒರಿಕಿ' ಅನ್ನುವ ಹೊಗಳಿಕೆ ಪದಗಳನ್ನು ಇತಿಹಾಸಕ್ಕೆ ಹೇಗೆ ಆಕರ ಮಾಡಿಕೊಳ್ಳಬಹುದು ಅಂತ 1970ರ ದಶಕದಲ್ಲೇ ತೋರಿಸಿದವರು. ನಮ್ಮ ಬಿರುದಾವಳಿ ಇದ್ದ ಹಾಗೆ ಅವು. ಇಬಾದಾನಿನಲ್ಲಿ ಮಹಿಳೆಯರ ಬಗ್ಗೆ ದಾಖಲೆ ಕೂಡಿಡುವ ಒಂದು ಕೇಂದ್ರವನ್ನೂ 1987ರಲ್ಲಿ ಕಟ್ಟಿದರು. ಅವರ ಹೆಸರು ಪ್ರತಿಸಲ ಕೊನೆಗೇ ಬರುತ್ತದೆ.

ನಿವೃತ್ತ ಮೇಷ್ಟ್ರು

ತಕರಾರು ಮಾಡುವವರನ್ನು ಕರೆಸಬೇಕು, ಒಪ್ಪಿದೆ. ಆದರೆ ಬೀಳ್ಕೊಡುಗೆ ದಿನವೇ ಬೇಡ ತಾಯಿ. ಹೆಂಡತಿ ಮಕ್ಕಳು ಮುಂದಿನ ಸಾಲಲ್ಲಿ ಕೂತಿರುತ್ತಾರೆ.

ಮಧ್ಯಾಹ್ನದ ಟೀ

ಹ್ಹ ಹ್ಹ, ಆಯ್ತು ಸಾರ್. ಮಾರನೇ ದಿನ ಇಟ್ಟುಕೊಳ್ಳಲಿ.

ನೈರೋಬಿಯಿಂದ

ಹುಟ್ಟಿದ್ದು ಧಾರವಾಡ, ಕೆಲಸ ಇಲ್ಲಿ. ನೀವೆಲ್ಲ ಮಾತಾಡುತ್ತಿರುವುದರಲ್ಲಿ ಒಂದು ವ್ಯತ್ಯಾಸ ಮರೆಯಬಾರದು. ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಕೂತು ಆಫ್ರಿಕಾ ಇತಿಹಾಸ ಬರೆದವರು ನೆಮ್ಮದಿಯಾಗಿ ನಿವೃತ್ತರಾದರು. ಇಲ್ಲಿಯ ಎಷ್ಟೋ ಜನರಿಗೆ ಆ ಭಾಗ್ಯವೇ ಇರಲಿಲ್ಲ.

ನೈಜೀರಿಯಾದ ಕೆನೆತ್ ಒನ್ವುಕಾ ಡಿಕೆ ಅವರನ್ನೇ ತಗೊಳ್ಳಿ. ನೈಜರ್ ನದೀಮುಖದ ವ್ಯಾಪಾರ ಮತ್ತು ರಾಜಕೀಯದ ಬಗ್ಗೆ ಅವರ ಪುಸ್ತಕ 1956ರಲ್ಲಿ ಬಂತು. ಬ್ರಿಟಿಷ್ ಕಂಪನಿಗಳಷ್ಟೇ ಆ ಕತೆಯ ನಾಯಕರಲ್ಲ, ಅಲ್ಲಿನ ಊರುಗಳ ವ್ಯಾಪಾರಸ್ಥರೂ ಮುಖಂಡರೂ ಲೆಕ್ಕ ಬಲ್ಲವರೇ ಅಂತ ತೋರಿಸಿದರು. ಸರಕಾರಿ ಕಚೇರಿಗಳಲ್ಲಿ ಗೆದ್ದಲು ಹಿಡಿಯುತ್ತಿದ್ದ ಕಡತಗಳನ್ನು ಹುಡುಕಿ ತೆಗೆಸಿ ನೈಜೀರಿಯಾದ ರಾಷ್ಟ್ರೀಯ ಪತ್ರಾಗಾರ ಕಟ್ಟಿದವರೂ ಅವರೇ. ಇಬಾದಾನ್ ವಿಶ್ವವಿದ್ಯಾಲಯದ ಮೊದಲ ನೈಜೀರಿಯನ್ ಕುಲಪತಿ. 1966ರ ಗಲಭೆಗಳು, ಅದರ ಹಿಂದೆಯೇ ದೇಶದೊಳಗಿನ ಬಿಯಾಫ್ರಾ ಯುದ್ಧ. ಎಲ್ಲ ಬಿಟ್ಟು ಹೊರಡಬೇಕಾಯಿತು. ಮುಂದೆ ಹಾರ್ವರ್ಡ್‌ನಲ್ಲಿ ಪಾಠ ಮಾಡಿದರು, ಊರಿಗೆ ಮರಳಿ 1983ರಲ್ಲಿ ತೀರಿಕೊಂಡರು. ಇವತ್ತು ಇಬಾದಾನ್ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಅವರ ಹೆಸರೇ ಇದೆ. ಕಡತ ಉಳಿಸಿದವರಿಗೆ ಗ್ರಂಥಾಲಯ. ಇದಕ್ಕಿಂತ ಒಪ್ಪುವ ಗೌರವ ನನಗೆ ಗೊತ್ತಿಲ್ಲ.

ಬುರ್ಕಿನಾ ಫಾಸೊದ ಜೋಸೆಫ್ ಕಿ-ಜೆರ್ಬೊ ಯುನೆಸ್ಕೋದ ಮೊದಲ ಸಂಪುಟದ ಸಂಪಾದಕರು. 1983ರಲ್ಲಿ ದೇಶ ಬಿಟ್ಟರು, 1992ರವರೆಗೆ ಮರಳಲಿಲ್ಲ. ಅವರು ಕೂಡಿಟ್ಟಿದ್ದ ಪುಸ್ತಕಗಳು ಅಷ್ಟರಲ್ಲಿ ಲೂಟಿಯಾಗಿದ್ದವು. ಘಾನಾದ ಅಡು ಬೋಅಹೆನ್ ಪಾಠದ ಕೆಲಸ ಮುಗಿದ ಮೇಲೆ ಆರಾಮಾಗಿ ಕೂರಲಿಲ್ಲ, 1992ರಲ್ಲಿ ಸೇನಾ ಆಡಳಿತಗಾರ ರಾಲಿಂಗ್ಸ್ ಎದುರು ಅಧ್ಯಕ್ಷ ಚುನಾವಣೆಗೇ ನಿಂತರು. ಸೋತರು. ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಪಾಠ ಮಾಡಿದ್ದ ಗಯಾನಾದ ವಾಲ್ಟರ್ ರಾಡ್ನಿಯನ್ನು 1980ರಲ್ಲಿ ಬಾಂಬ್ ಇಟ್ಟು ಕೊಂದರು. ಆಗ 38 ವರ್ಷ. ಅಂಥವರಿಗೆ ಬೀಳ್ಕೊಡುಗೆ ಎಲ್ಲಿಂದ ಬಂತು?

ಒಗೋಟ್ ಈ ಮಟ್ಟಿಗೆ ಪುಣ್ಯವಂತರು. ತಮ್ಮ ಕಡೆಯ ಲುವೊ ಜನಾಂಗದ ಹಿರಿಯರು ಹೇಳಿದ್ದನ್ನು ಕೂಡಿಸಿ ಬರೆದ ಇತಿಹಾಸ 1967ರಲ್ಲಿ ಪುಸ್ತಕವಾಯಿತು. 2001ರಲ್ಲಿ ಅಟಿಯೆನೊ ಒಡಿಯಾಂಬೊ ಎಂಬ ಇತಿಹಾಸಕಾರರು ಒಗೋಟ್‌ಗಾಗಿ ಒಂದು ಸಂಪುಟ ತಂದರು, 2003ರಲ್ಲಿ ಒಗೋಟ್ ತಮ್ಮ ಆತ್ಮಕಥೆಯನ್ನು ತಾವೇ ಬರೆದರು. ಆಮೇಲೂ ಮೋಯಿ ವಿಶ್ವವಿದ್ಯಾಲಯದ ಛಾನ್ಸಲರ್ ಆಗಿದ್ದರು. ನಿವೃತ್ತಿ ಅನ್ನೋ ಮಾತು ಅವರಿಗೆ ಅಂಟಲೇ ಇಲ್ಲ.

ಘಟ್ಟದ ಹುಡುಗ

ಯಲ್ಲಾಪುರದ ಕಡೆಯವನು. ಇದುವರೆಗೂ ಸುಮ್ನೆ ಓದ್ತಾ ಇದ್ದೆ, ಈಗ ಒಂದು ಮಾತು.

ನಮ್ಮೂರಲ್ಲಿ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಸುತ್ತ ಕಾಡಂಚಿನ ಊರುಗಳಲ್ಲಿ. ಕೊಂಕಣಿ, ಕನ್ನಡ ಮಾತಾಡುತ್ತಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಅವರ ಹಿರೀಕರಲ್ಲಿ ಬಹಳಷ್ಟು ಜನ ಪೋರ್ಚುಗೀಸರ ಕಾಲದಲ್ಲಿ ಗೋವಾಕ್ಕೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟ ಹತ್ತಿದವರು. ಅಟ್ಲಾಂಟಿಕ್‌ನ ಲೆಕ್ಕ ಮೇಲೆ ಕೊಟ್ಟಿದ್ದೀರಿ. ಈ ಕಡೆಯ ಸಮುದ್ರದ ಲೆಕ್ಕ ಅಷ್ಟು ಗಟ್ಟಿಯಾಗಿಲ್ಲ, ಯಾಕೆಂದರೆ ಅಷ್ಟು ಹಡಗು ಪಟ್ಟಿಗಳೇ ಉಳಿದಿಲ್ಲ.

ಎಡ್ವರ್ಡ್ ಆಲ್ಪರ್ಸ್ ಅಂತ ಒಬ್ಬರು ಕ್ಯಾಲಿಫೋರ್ನಿಯಾದ ಯುಸಿಎಲ್ಎ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಮಾಡಿ ನಿವೃತ್ತರಾದವರು. ಪೂರ್ವ ಆಫ್ರಿಕಾದ ದಂತ ಮತ್ತು ಗುಲಾಮ ವ್ಯಾಪಾರದ ಬಗ್ಗೆ 1975ರಲ್ಲಿ ಬರೆದರು. ಆಮೇಲೆ ಅವರ ನೋಟ ಸಮುದ್ರ ದಾಟಿ ನಮ್ಮ ಕಡೆಗೂ ಬಂತು. 2004ರಲ್ಲಿ ಭಾರತದ ಸಿದ್ದಿಗಳ ಬಗ್ಗೆ ಒಂದು ಲೇಖನ ಸಂಗ್ರಹವನ್ನು ಇನ್ನೊಬ್ಬರ ಜತೆ ಸಂಪಾದಿಸಿದರು. ಅಂಥವರ ಕೆಲಸದ ಒಂದು ಅಧ್ಯಾಯವಾದರೂ ಕನ್ನಡಕ್ಕೆ ಬಂದಿದ್ದರೆ ನಮ್ಮೂರ ಸಿದ್ದಿ ಹುಡುಗರು ಓದುತ್ತಿದ್ದರು. ನಿಮ್ಮ ಮೇಷ್ಟ್ರು ಬರೆದದ್ದೆಲ್ಲ ಇಂಗ್ಲಿಷ್‌ನಲ್ಲೇ ಇದೆಯಾ?

ಕೃಷ್ಣಾತೀರ

ಬಹುಪಾಲು ಇಂಗ್ಲಿಷೇ. ಇದು ನಮಗೆ ಹೊಳೆದೇ ಇರಲಿಲ್ಲ. ಅಭಿನಂದನ ಗ್ರಂಥದ ಬದಲು ಅವರದೇ ಆಯ್ದ ಲೇಖನಗಳನ್ನು ಕನ್ನಡಕ್ಕೆ ತರಬಹುದು, ಅಲ್ವಾ? ಗುಂಪಿನಲ್ಲಿ ಹಾಕುತ್ತೇನೆ.

ಮೇಷ್ಟ್ರ ಮನೆಯಲ್ಲಿ ಇನ್ನೊಂದು ಇದೆ. ಮೊಂಬಾಸಾ, ಜಂಜಿಬಾರ್ ಕಡೆ ಹಳೇ ವ್ಯಾಪಾರಸ್ಥರನ್ನು, ಹಡಗಿನವರನ್ನು ಮಾತಾಡಿಸಿ ಮಾಡಿಕೊಂಡ ಕ್ಯಾಸೆಟ್ಟುಗಳು. ಎರಡು ಟ್ರಂಕ್ ತುಂಬ. ಜತೆಗೆ ಟಿಪ್ಪಣಿ ಪುಸ್ತಕಗಳು. ಮಗಳು ಬೆಂಗಳೂರಿನ ಫ್ಲ್ಯಾಟಿಗೆ ಕರೆದುಕೊಂಡು ಹೋಗುತ್ತಿದ್ದಾರೆ, ಅಲ್ಲಿ ಜಾಗ ಇಲ್ಲವಂತೆ.

ಕಪಾಟು

ಅಯ್ಯೋ, ಇದನ್ನು ಮೊದಲೇ ಹೇಳೋದಲ್ವಾ! ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಗ್ರಂಥ, ಪದಕ ಎಲ್ಲ ಬದಿಗಿಡಿ, ಮೊದಲು ಆ ಟ್ರಂಕು.

ಯಾಕೆ ಅಂತ ವಾನ್ಸಿನಾ ಉದಾಹರಣೆಯಿಂದಲೇ ಹೇಳುತ್ತೇನೆ. 1950ರ ದಶಕದ ಕೊನೆಯಲ್ಲಿ ಅವರು ರುವಾಂಡಾದಲ್ಲಿದ್ದರು. ಅಲ್ಲಿ 'ಇಬಿಟೇಕೆರೆಜೊ' ಅನ್ನುವ ಹಳೇ ಕಥನಗಳನ್ನು ಸ್ಥಳೀಯರ ನೆರವಿನಿಂದ ರಾಶಿ ರಾಶಿ ಬರೆಸಿಕೊಂಡರು. ಅವುಗಳ ಮೈಕ್ರೊಫಿಲ್ಮ್ ಮಾಡಿಸಿ ಶಿಕಾಗೋದ ಸೆಂಟರ್ ಫಾರ್ ರಿಸರ್ಚ್ ಲೈಬ್ರರೀಸ್‌ನಲ್ಲಿ ಇಟ್ಟರು. ಯಾರು ಬೇಕಾದರೂ ನೋಡಬಹುದು. 1994ರಲ್ಲಿ ಅವರು ನಿವೃತ್ತರಾದರು, ಅದೇ ವರ್ಷ ರುವಾಂಡಾದಲ್ಲಿ ಆ ನರಮೇಧ. ಕಥನ ಹೇಳುತ್ತಿದ್ದಂಥ ಹಿರಿಯರು, ಅವರ ಮನೆಯವರು ಎಷ್ಟು ಜನ ಉಳಿದರೋ. ಅಲ್ಲಿನ ಹುಟು, ಟುಟ್ಸಿ ಎಂಬ ಎರಡು ಗುಂಪಿನ ಜಗಳ ಸಾವಿರಾರು ವರ್ಷದ ಜನಾಂಗ ದ್ವೇಷ ಅಂತ ಪತ್ರಿಕೆಗಳು ಬರೆಯುತ್ತಿದ್ದವು. ವಾನ್ಸಿನಾ ಹಳೇ ಕಥನಗಳಿಗೆ ಮರಳಿ ಕೂತರು. 2001ರಲ್ಲಿ ಫ್ರೆಂಚ್‌ನಲ್ಲಿ, 2004ರಲ್ಲಿ ಇಂಗ್ಲಿಷ್‌ನಲ್ಲಿ ಪುಸ್ತಕ ಬಂತು. ಆ ರಾಜ್ಯ ಹುಟ್ಟಿದ್ದು 17ನೇ ಶತಮಾನದಲ್ಲಿ, ಅರಮನೆಯ ಪರಂಪರೆ ಹೇಳಿದ್ದಕ್ಕಿಂತ ತೀರ ಈಚೆಗೆ, ಮತ್ತು ಆ ಎರಡು ಹೆಸರುಗಳ ಅರ್ಥ ಕಾಲಕಾಲಕ್ಕೆ ಬದಲಾಗುತ್ತಾ ಬಂದು ಕೊನೆಗೆ ಗಟ್ಟಿಯಾದದ್ದು ಅಂತ ತೋರಿಸಿದರು. ಹಿಂದೆ ತಾವೇ ಬರೆದಿದ್ದ ಕಾಲಗಣನೆಯನ್ನೂ ಬಿಟ್ಟುಕೊಟ್ಟರು. ನಿವೃತ್ತಿಯ ನಂತರದ ಈ ಕೆಲಸ ಸಾಧ್ಯವಾಗಿದ್ದು ಹಳೇ ಕಾಗದ ಜೋಪಾನವಾಗಿದ್ದಕ್ಕೆ.

ಈಗ ನಿಮ್ಮ ಕೆಲಸ. ಮೇಷ್ಟ್ರ ಪಕ್ಕ ಕೂತು ಪ್ರತಿ ಕ್ಯಾಸೆಟ್ಟಿಗೂ ಒಂದು ಚೀಟಿ ಬರೆಯಿರಿ: ಮಾತಾಡಿದವರು ಯಾರು, ಯಾವ ಊರು, ಯಾವ ವರ್ಷ, ಯಾವ ಭಾಷೆ, ಪಕ್ಕದಲ್ಲಿ ಯಾರಿದ್ದರು, ಬೇರೆಯವರಿಗೆ ಕೇಳಿಸಬಹುದು ಅಂತ ಒಪ್ಪಿದ್ದರಾ. ಇದು ಮೇಷ್ಟ್ರಿಗೆ ಮಾತ್ರ ಗೊತ್ತಿರುವ ವಿಷಯ, ಕ್ಯಾಸೆಟ್ಟಿನ ಒಳಗೆ ಇರಲ್ಲ. ಚೀಟಿ ಇಲ್ಲದ ಕ್ಯಾಸೆಟ್ಟು ಬರೀ ಗದ್ದಲ. ಅವರಿಗೂ ಇದು ಶಾಲಿಗಿಂತ ಜಾಸ್ತಿ ಖುಷಿ ಕೊಡುತ್ತೆ ಅಂತ ನನ್ನ ಅನಿಸಿಕೆ.

ನಿವೃತ್ತ ಮೇಷ್ಟ್ರು

ಮೇಡಂ ಹೇಳಿದ್ದು ಸರಿ. ಆದರೂ ಶಾಲನ್ನು ಅಷ್ಟು ಹಗುರ ಮಾಡಬೇಡಿ. ನನ್ನ ಬೀಳ್ಕೊಡುಗೆಗೆ ಯಾವತ್ತೋ ಫೇಲಾಗಿ ಊರು ಬಿಟ್ಟಿದ್ದ ಹುಡುಗನೊಬ್ಬ ಲಾರಿ ನಿಲ್ಲಿಸಿ ಬಂದಿದ್ದ. ಅದಕ್ಕೆ ಸಂಶೋಧನಾ ಮೌಲ್ಯ ಇಲ್ಲ, ಗೊತ್ತು. ಒಂದು ಸಂಜೆ ಎಲ್ಲರೂ ಸೇರಿ ಊಟ ಹಾಕಿಸಿ. ಮೈಸೂರು ಪೇಟ ಬೇಕಾದರೆ ಬಿಡಿ.

ನೈರೋಬಿಯಿಂದ

ಕಪಾಟು ಅವರ ಮಾತಿಗೆ ಒಂದು ಸೇರಿಸುತ್ತೇನೆ. ಪ್ರತಿ ಮಾಡಿದ ಮೇಲೆ ಒಂದು ಸೆಟ್ ಇಲ್ಲಿಗೂ ಬರಲಿ. ಮಾತಾಡಿದವರ ಮೊಮ್ಮಕ್ಕಳು ಇಲ್ಲಿದ್ದಾರೆ, ಅಜ್ಜನ ದನಿ ಕೇಳಲು ಅವರು ಭಾರತದ ವೀಸಾ ತಗೋಬೇಕಾಗಬಾರದು. ಕೀನ್ಯಾದ ರಾಷ್ಟ್ರೀಯ ಪತ್ರಾಗಾರ ನೈರೋಬಿಯ ಮೋಯಿ ಅವೆನ್ಯೂನಲ್ಲಿ ಹಳೇ ಬ್ಯಾಂಕ್ ಕಟ್ಟಡದಲ್ಲಿದೆ. ನಾನು ಹೋಗಿ ವಿಚಾರಿಸುತ್ತೇನೆ. ಜಂಜಿಬಾರಿಗೂ ಬೇರೆ ಪತ್ರಾಗಾರವಿದೆ.

ಕೃಷ್ಣಾತೀರ

ಎಲ್ಲರಿಗೂ ಧನ್ಯವಾದ. ಗುಂಪಿನಲ್ಲಿ ಹಾಕಿದೆ. ಪದಕದವರು ಸ್ವಲ್ಪ ಮುನಿಸಿಕೊಂಡಿದ್ದಾರೆ, ಮಿಕ್ಕವರು ಟ್ರಂಕಿನ ಕಡೆ. ಕನ್ನಡ ಅನುವಾದಕ್ಕೆ ಇಬ್ಬರು ಮುಂದೆ ಬಂದಿದ್ದಾರೆ. ನಮ್ಮ ಮನೆಯ ಅಟ್ಟದಲ್ಲಿ ಒಂದು ಹಳೇ ಟೇಪ್ ರೆಕಾರ್ಡರ್ ಇದೆ. ಈ ಭಾನುವಾರ ಒಂದೆರಡು ಕ್ಯಾಸೆಟ್ ಹಾಕಿ ನೋಡಲಾ?

ಕಪಾಟು

ದಯವಿಟ್ಟು ಬೇಡ! ಅಟ್ಟದ ಟೇಪ್ ರೆಕಾರ್ಡರ್ ಮೊದಲ ಸಲಕ್ಕೇ ಟೇಪು ನುಂಗುತ್ತದೆ. ಕ್ಯಾಸೆಟ್ಟಿನ ಕಿಂಡಿಯಲ್ಲಿ ಬಿಳಿ ಬೂಜು ಕಾಣುತ್ತಾ ನೋಡಿ, ಕಂಡರೆ ಅವನ್ನು ಬೇರೆ ಡಬ್ಬಿಗೆ ಹಾಕಿ, ಒಂದರಿಂದ ಇನ್ನೊಂದಕ್ಕೆ ಹರಡುತ್ತೆ. ಟೇಪು ಕಾಣುವ ಬದಿಯ ಎದುರು ಅಂಚಿನಲ್ಲಿರುವ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲು ಮುರಿದುಬಿಡಿ, ಆಗ ಅದರ ಮೇಲೆ ಏನೂ ರೆಕಾರ್ಡ್ ಆಗಲ್ಲ. ಪ್ರತಿ ಮಾಡುವಾಗ ಎಂಪಿ3 ಬೇಡ, ದನಿಯನ್ನು ಕುಗ್ಗಿಸದ ವೇವ್ ಫೈಲ್ ಇರಲಿ. ಭಾನುವಾರ ಚೀಟಿ ಬರೆಯೋಕೆ ಕೂತುಕೊಳ್ಳಿ, ಹೆಡ್ ತೊಳೆದಿಟ್ಟ ಡೆಕ್ ನಾನು ಹುಡುಕಿಕೊಡುತ್ತೇನೆ.